ಒಂದು ಟನ್ನಿನ ತ್ಯಾಗ

ಅಮೆರಿಕದ ಗಂಡಸೊಬ್ಬ ತ್ಯಾಗ ಮಾಡಿದ್ದಾನೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ.

ಅವನ ಬಳಿ ಮೂರೂಕಾಲು ಟನ್ ತೂಗುವ ಡೀಸೆಲ್ ಪಿಕಪ್ ಇತ್ತು. ಮಾರಿದ. ಎರಡೂಕಾಲು ಟನ್ ತೂಗುವ ಪೆಟ್ರೋಲ್ ಪಿಕಪ್ ಕೊಂಡ. ಈಗ ಸಿಕ್ಕಸಿಕ್ಕವರನ್ನು ನಿಲ್ಲಿಸಿ ಹೇಳುತ್ತಿದ್ದಾನೆ, 'ನಾನು ಸಣ್ಣ ಗಾಡಿಗೆ ಇಳಿದುಬಿಟ್ಟೆ.' ದನಿಯಲ್ಲಿ ಕಾವಿ ತೊಟ್ಟವನ ಗಾಂಭೀರ್ಯ. ಮುಖದಲ್ಲಿ ಭೂಮಿತಾಯಿಗೆ ಉಪಕಾರ ಮಾಡಿದ ಕಳೆ.

ಎರಡೂಕಾಲು ಟನ್! ಎರಡು ಮಾರುತಿ ಸ್ವಿಫ್ಟ್ ಸೇರಿಸಿ ತೂಗಿದರೂ ಈ 'ಸಣ್ಣ ಗಾಡಿ'ಯಷ್ಟು ಆಗುವುದಿಲ್ಲ. ಆರಿಸಿಕೊಂಡ ಎಂಜಿನ್ನಿಗೆ ತಕ್ಕಂತೆ 325 ಅಶ್ವಶಕ್ತಿ, ಇಲ್ಲವೇ 400. ಇದು ಅವನ ವೈರಾಗ್ಯ. ಭೋಗ ಹೇಗಿತ್ತೆಂದು ಕೇಳುತ್ತೀರಾ?

ಭೋಗದ ಹೆಸರು ಹೆವಿ ಡ್ಯೂಟಿ. ಫೋರ್ಡ್ ಎಫ್-250, ರಾಮ್ 2500, ಸಿಲ್ವರಾಡೊ 2500. ಫೋರ್ಡಿನ 6.7 ಲೀಟರ್ ಡೀಸೆಲ್ ಎಂಜಿನ್ನಿನ ದೊಡ್ಡ ಅವತಾರಕ್ಕೆ 500 ಅಶ್ವಶಕ್ತಿ. ಸರಿಯಾಗಿ ಸಜ್ಜು ಮಾಡಿದರೆ ಹತ್ತು ಟನ್ನಿನ ಟ್ರೈಲರ್ ಎಳೆಯುತ್ತದೆ. ಡೀಸೆಲ್ ಎಂಜಿನ್ ಬೇಕೆಂದರೆ ಹತ್ತು ಸಾವಿರ ಡಾಲರ್ ಆಸುಪಾಸು ಹೆಚ್ಚು ಕೊಡಬೇಕು. ಕೊಟ್ಟ.

ಕೊಟ್ಟು ಏನನ್ನು ಎಳೆದ? ತನ್ನನ್ನು. ದಿನಾ ಬೆಳಿಗ್ಗೆ ಮನೆಯಿಂದ ಆಫೀಸಿಗೆ ತನ್ನನ್ನು ತಾನೇ ಎಳೆದುಕೊಂಡು ಹೋದ. ಸಂಜೆ ವಾಪಸು ಎಳೆದುಕೊಂಡು ಬಂದ.

ದನ ಸಾಗಿಸುವವರ ಬಗ್ಗೆ ನನಗೆ ತಕರಾರಿಲ್ಲ. ಹುಲ್ಲಿನ ಪೆಂಡಿ ಎಳೆಯುವವನು, ಅಗೆಯುವ ಯಂತ್ರ ಹೊತ್ತು ತಿರುಗುವವನು, ಕುದುರೆ ಸಾಕಿದವನು ಡೀಸೆಲ್ ಕೊಳ್ಳಲಿ. ಅವರಿಗೆ ಅದು ಅನ್ನ. ಆದರೆ ಸ್ಟ್ರಾಟೆಜಿಕ್ ವಿಷನ್ ಎಂಬ ಅಮೆರಿಕದ ಸಂಸ್ಥೆ ಪಿಕಪ್ ಮಾಲೀಕರನ್ನೇ ಕೇಳಿ ನೋಡಿತು. ನೂರರಲ್ಲಿ 75 ಮಂದಿ ವರ್ಷಕ್ಕೆ ಒಂದು ಸಲ ಟ್ರೈಲರ್ ಎಳೆದರೆ ಹೆಚ್ಚು. ಆ ಒಂದು ಸಲವೂ ಎಳೆಯದವರು ಇವರಲ್ಲೇ ಸೇರಿದ್ದಾರೆ. 35 ಮಂದಿ ಹಿಂದಿನ ತೊಟ್ಟಿಗೆ ಸಾಮಾನು ತುಂಬುವುದೂ ಅಷ್ಟೇ ಅಪರೂಪ. ತೊಟ್ಟಿ ಯಾಕಪ್ಪಾ ಬೇಕಿತ್ತು? ಬೇಕಾಗಬಹುದು, ಅದಕ್ಕೆ! ವರ್ಷದ ಒಂದು ಶನಿವಾರಕ್ಕಾಗಿ ಉಳಿದ 364 ದಿನ ಮೂರು ಟನ್ ಕಬ್ಬಿಣ ಸುತ್ತಾಡಿಸುವ ದೂರದೃಷ್ಟಿ.

ಈಗ ಯಾಕೆ ಬಿಟ್ಟೆ ಎಂದು ಕೇಳಿ. ಕಾರಣ ಸಿದ್ಧವಿದೆ. 'ಸರ್ಕಾರ ಡೀಸೆಲ್ ಅನ್ನು ಹಾಳು ಮಾಡಿತು.'

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಸರ್ಕಾರ ಮಾಡಿದ್ದಿಷ್ಟು. 2007ರಿಂದ ಡೀಸೆಲ್ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಕಡ್ಡಾಯವೇ ಎನ್ನುವಂತಾಯಿತು. 2010ರ ನಂತರ ಯೂರಿಯಾ ದ್ರಾವಣ ಚಿಮುಕಿಸಿ ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ವ್ಯವಸ್ಥೆ ಬಂತು. ಹಿಂದೆ ಬರುವವನ ಶ್ವಾಸಕೋಶಕ್ಕೆ ಮಸಿ ತುಂಬಬೇಡ ಎಂಬ ಸಣ್ಣ ಕೋರಿಕೆ.

ಫಿಲ್ಟರಿನಲ್ಲಿ ಕೂತ ಮಸಿಯನ್ನು ಆಗಾಗ ಸುಡಬೇಕು. ಸುಡಲು ಕಾವು ಬೇಕು. ಕಾವು ಬರಲು ಎಂಜಿನ್ ದುಡಿಯಬೇಕು. ಭಾರ ಎಳೆದು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿದರೆ ಫಿಲ್ಟರ್ ತನ್ನ ಪಾಡಿಗೆ ಶುದ್ಧವಾಗುತ್ತದೆ. ನಮ್ಮ ಮಹಾನುಭಾವ ಓಡಿಸಿದ್ದು ಮನೆ, ಆಫೀಸು, ಕಾಫಿ ಅಂಗಡಿ. ಎಂಜಿನ್ ಬೆಚ್ಚಗಾಗುವ ಮೊದಲೇ ಬೀಗದ ಕೈ ಜೇಬಿಗೆ. ಫಿಲ್ಟರ್ ಕಟ್ಟಿಕೊಂಡಿತು. ದೀಪ ಹತ್ತಿತು. ಗ್ಯಾರೇಜಿನವನು ಬಿಲ್ ಕೊಟ್ಟ. ತಪ್ಪು ಯಾರದು? ವಾಷಿಂಗ್ಟನ್ನಿನದು!

ಯೂರಿಯಾ ಮುಗಿಯುತ್ತ ಬಂತೆಂದು ಗಾಡಿ ಮೊದಲೇ ಎಚ್ಚರಿಸುತ್ತದೆ. ಎಚ್ಚರಿಕೆ ಕೇಳದಿದ್ದರೆ ಕೊನೆಗೆ ಎಷ್ಟೋ ಗಾಡಿಗಳು ಗಂಟೆಗೆ 5 ಮೈಲಿಗಿಂತ ವೇಗ ಕೊಡುವುದಿಲ್ಲ. 500 ಅಶ್ವಗಳು, ನಡಿಗೆಯ ವೇಗ. ಅವಮಾನ ತಡೆಯಲಾದೀತೆ? 2025ರ ಆಗಸ್ಟಿನಲ್ಲಿ ಪರಿಸರ ಇಲಾಖೆಯೇ ಸೋತಿತು. ಈ ನಿರ್ಬಂಧ ಸಡಿಲಿಸಿ ಎಂದು ಕಂಪನಿಗಳಿಗೆ ಹೇಳಿತು. ಹೇಳಿದ್ದು ಎಲ್ಲಿ? ಅಯೋವಾ ರಾಜ್ಯದ ಜಾತ್ರೆಯಲ್ಲಿ, ರೈತರ ಹೆಸರಿನಲ್ಲಿ. ರೈತನ ಹೆಸರು ಎಷ್ಟು ಉಪಯೋಗಕ್ಕೆ ಬರುತ್ತದೆ ನೋಡಿ. ನಮ್ಮ ರೈತ ಯೂರಿಯಾ ಚೀಲಕ್ಕಾಗಿ ಸೊಸೈಟಿ ಮುಂದೆ ಸರದಿ ನಿಲ್ಲುತ್ತಾನೆ. ಅಲ್ಲಿ ಯೂರಿಯಾ ಬೇಡವೆಂದು ಆಫೀಸಿಗೆ ಹೋಗುವವನು ರೈತನ ಹಿಂದೆ ನಿಲ್ಲುತ್ತಾನೆ.

ಇನ್ನೂ ಧೈರ್ಯವಂತರು ಗಾಡಿ ಮಾರಲಿಲ್ಲ. ಫಿಲ್ಟರ್ ಕಿತ್ತರು. ಯೂರಿಯಾ ವ್ಯವಸ್ಥೆ ಕಿತ್ತರು. ಕಂಪ್ಯೂಟರಿಗೆ ಸುಳ್ಳು ಹೇಳುವ ತಂತ್ರಾಂಶ ತುರುಕಿದರು. ಇದಕ್ಕೆ 'ಡಿಲೀಟ್' ಎಂದು ಹೆಸರು. 2020ರಲ್ಲಿ ಪರಿಸರ ಇಲಾಖೆ ಲೆಕ್ಕ ಹಾಕಿತು. ಹತ್ತು ವರ್ಷದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳು ಹೀಗೆ ಬತ್ತಲಾಗಿದ್ದವು. ಅವು ಹೆಚ್ಚುವರಿಯಾಗಿ ಉಗುಳುವ ನೈಟ್ರೋಜನ್ ಆಕ್ಸೈಡ್ 5,70,000 ಟನ್. ಇನ್ನೂ 90 ಲಕ್ಷ ಡೀಸೆಲ್ ಪಿಕಪ್‌ಗಳನ್ನು ರಸ್ತೆಗೆ ಇಳಿಸಿದಷ್ಟು.

ಅಷ್ಟಕ್ಕೇ ತೃಪ್ತಿಯಿಲ್ಲದವರು ಎಂಜಿನ್ನಿಗೆ ಬೇಕೆಂದೇ ಹೆಚ್ಚು ಡೀಸೆಲ್ ಕುಡಿಸಿ ಕಪ್ಪು ಹೊಗೆ ಎಬ್ಬಿಸುತ್ತಾರೆ. ಗುರಿ ಯಾರು? ಸೈಕಲ್ ತುಳಿಯುವವನು. ಎಲೆಕ್ಟ್ರಿಕ್ ಕಾರಿನವನು. 'ರೋಲಿಂಗ್ ಕೋಲ್' ಎನ್ನುತ್ತಾರೆ. ತನ್ನ ದುಡ್ಡಿನ ಡೀಸೆಲ್ ಸುಟ್ಟು ಪರರ ಮುಖಕ್ಕೆ ಮಸಿ ಬಳಿಯುವುದು ಇವರಿಗೆ ಸ್ವಾತಂತ್ರ್ಯ ಹೋರಾಟ. ಗಾಡಿಯ ಹಿಂದೆ 'ಪೊಲೀಸರನ್ನು ಗೌರವಿಸಿ' ಎಂಬ ಸ್ಟಿಕ್ಕರ್. ಗಾಡಿಯ ಕೆಳಗೆ ಕಾನೂನು ಮುರಿದ ಪೈಪು.

ಗಿರಾಕಿಯೊಬ್ಬನನ್ನೇ ಬೈದರೆ ಅನ್ಯಾಯ. ಕಂಪನಿಗಳೂ ಭಕ್ತಿಯಿಂದ ಪಾಲುಗೊಂಡಿವೆ. 2013ರಿಂದ 2019ರ ರಾಮ್ 2500 ಮತ್ತು 3500 ಪಿಕಪ್‌ಗಳಲ್ಲಿ ಸುಮಾರು 6,30,000 ಎಂಜಿನ್ನುಗಳಿಗೆ ಹೊಗೆ ಪರೀಕ್ಷೆಯನ್ನು ಯಾಮಾರಿಸುವ ತಂತ್ರಾಂಶ ಹಾಕಿದ ಆರೋಪ ಎಂಜಿನ್ ತಯಾರಕ ಕಮಿನ್ಸ್ ಮೇಲೆ ಬಂತು. 2023ರ ಕೊನೆಗೆ 167.5 ಕೋಟಿ ಡಾಲರ್ ದಂಡಕ್ಕೆ ಕಂಪನಿ ಒಪ್ಪಿತು. ಅಮೆರಿಕದ ಶುದ್ಧ ಗಾಳಿ ಕಾಯ್ದೆಯ ಚರಿತ್ರೆಯಲ್ಲೇ ಅತಿ ದೊಡ್ಡ ಸಿವಿಲ್ ದಂಡ. ತಪ್ಪು ಮಾತ್ರ ಒಪ್ಪಲಿಲ್ಲ. ದುಡ್ಡು ಕೊಡುತ್ತೇವೆ, ತಪ್ಪು ಮಾಡಿಲ್ಲ. ಇಂಥ ಉದಾರಿಗಳು ಎಲ್ಲಿ ಸಿಗುತ್ತಾರೆ?

ಈಗ ಕಾನೂನಿನ ಕಡೆ ತಿರುಗಿ. ನಿಜವಾದ ಹಾಸ್ಯ ಅಲ್ಲಿದೆ.

ಅಮೆರಿಕದಲ್ಲಿ ಹೊಸ ಕಾರಿನ ಕಿಟಕಿಗೆ ಮೈಲೇಜ್ ಚೀಟಿ ಅಂಟಿಸಲೇಬೇಕು. ಪುಟಾಣಿ ಕಾರು ಗ್ಯಾಲನ್ನಿಗೆ ಎಷ್ಟು ಓಡುತ್ತದೆಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆದರೆ ಹೊರೆ ಸಮೇತ ಒಟ್ಟು ತೂಕದ ಮಿತಿ 8,500 ಪೌಂಡ್ ದಾಟಿದ ಪಿಕಪ್‌ಗೆ ಆ ಚೀಟಿ ಬೇಡ. ಅಂದರೆ ಕಡಿಮೆ ಕುಡಿಯುವವನು ಎಷ್ಟು ಕುಡಿದೆನೆಂದು ಎಲ್ಲರಿಗೂ ಹೇಳಬೇಕು. ಪೀಪಾಯಿ ಖಾಲಿ ಮಾಡುವವನ ಮಾನ ಮುಚ್ಚಿಡಬೇಕು.

ತೆರಿಗೆ ಇಲಾಖೆಯ ಪ್ರೀತಿ ಇನ್ನೂ ಗಾಢ. 6,000 ಪೌಂಡ್ ಮಿತಿ ದಾಟಿದ ಗಾಡಿಯನ್ನು ವ್ಯವಹಾರಕ್ಕೆಂದು ತೋರಿಸಿದರೆ ಕೊಂಡ ವರ್ಷವೇ ಭಾರಿ ವಿನಾಯಿತಿ ಪಡೆಯಬಹುದು. ಹಮ್ಮರ್ ಕೊಂಡ ದಂತವೈದ್ಯರೆಲ್ಲ ಇದರ ಲಾಭ ಪಡೆಯುತ್ತಿದ್ದಾರೆಂದು ಗದ್ದಲವಾದ ಮೇಲೆ 2004ರಲ್ಲಿ ಎಸ್‌ಯುವಿಗೆ 25,000 ಡಾಲರಿನ ಮಿತಿ ಹಾಕಿದರು. ಆರಡಿ ಉದ್ದದ ತೊಟ್ಟಿ ಇರುವ ಪಿಕಪ್‌ಗೆ ಆ ಮಿತಿ ಇಲ್ಲ. ಹಲ್ಲು ಕೀಳುವ ಡಾಕ್ಟರು ಆರಡಿ ತೊಟ್ಟಿಯಲ್ಲಿ ಏನು ಸಾಗಿಸುತ್ತಾರೋ, ಕಿತ್ತ ಹಲ್ಲುಗಳೇ ಬಲ್ಲವು.

ಸಣ್ಣ ಕಾರು ಕೊಂಡ ಶಾಲಾ ಮೇಷ್ಟರಿಗೆ? ಚೀಟಿ ಇದೆ. ವಿನಾಯಿತಿ ಇಲ್ಲ.

ಇನ್ನು ರಸ್ತೆ. ಕೇಂದ್ರ ಸರ್ಕಾರದ ಇಂಧನ ತೆರಿಗೆ ಗ್ಯಾಲನ್ನಿಗೆ ಪೆಟ್ರೋಲಿಗೆ 18.4 ಸೆಂಟ್, ಡೀಸೆಲಿಗೆ 24.4 ಸೆಂಟ್. ನಿಗದಿಯಾದದ್ದು 1993ರಲ್ಲಿ. ಇಂದಿಗೂ ಅದೇ. ಗಾಡಿ ಉಬ್ಬಿದವು, ಬೆಲೆ ಉಬ್ಬಿದವು, ರಸ್ತೆ ಹಾಳಾಯಿತು. ತೆರಿಗೆ ಮಾತ್ರ ಬಾಲ್ಯದಲ್ಲೇ ನಿಂತಿತು. 2008ರಿಂದ ಹೆದ್ದಾರಿ ನಿಧಿಯ ತೂತನ್ನು ಸಾಮಾನ್ಯ ಬೊಕ್ಕಸದಿಂದ ಮುಚ್ಚುತ್ತಿದ್ದಾರೆ. ನಡೆದು ಹೋಗುವವನೂ ಪಿಕಪ್ ಓಡುವ ರಸ್ತೆಗೆ ದುಡ್ಡು ಕಟ್ಟುತ್ತಿದ್ದಾನೆ. ಪಿಕಪ್ ಓಡಿಸುವವನು ಮಾತ್ರ 'ಯಾರ ಹಂಗಿನಲ್ಲೂ ಇಲ್ಲದ ಸ್ವಾವಲಂಬಿ'.

ಆನೆ ನಡೆದದ್ದೇ ದಾರಿ. ಅಮೆರಿಕ ಅದನ್ನು ಶಾಸನ ಮಾಡಿದೆ.

ಸರಿ, ನಮ್ಮವನು ಪೆಟ್ರೋಲಿಗೆ ಬಂದನಲ್ಲ, ಅಲ್ಲಾದರೂ ನೆಮ್ಮದಿಯೇ? ಜನರಲ್ ಮೋಟರ್ಸ್ 2025ರ ಏಪ್ರಿಲ್‌ನಲ್ಲಿ 6.2 ಲೀಟರಿನ ವಿ8 ಪೆಟ್ರೋಲ್ ಎಂಜಿನ್ ಇರುವ ಸುಮಾರು ಆರು ಲಕ್ಷ ಪಿಕಪ್ ಮತ್ತು ಎಸ್‌ಯುವಿಗಳನ್ನು ಅಮೆರಿಕದಲ್ಲಿ ವಾಪಸು ಕರೆಯಿತು. ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್ ದೋಷ. ಓಡುತ್ತಿರುವಾಗಲೇ ಎಂಜಿನ್ ಕೈಕೊಡಬಹುದು. ತಪಾಸಣೆಯಲ್ಲಿ ಪಾಸಾದ ಗಾಡಿಗಳಿಗೆ ಪರಿಹಾರ ಏನು ಗೊತ್ತೇ? ದಪ್ಪ ಆಯಿಲ್. ಮೈಲೇಜ್ ಒಂದಿಷ್ಟು ಕೂಡಲೆಂದು ತೆಳ್ಳನೆಯ ಆಯಿಲ್ ಹಾಕಿ ಬೀಗುತ್ತಿದ್ದವರು ಈಗ ದಪ್ಪ ಆಯಿಲ್ ಹುಯ್ದು ಕೈಮುಗಿದರು.

ಟೊಯೊಟಾ ಹಿಂದೆ ಬೀಳಲಿಲ್ಲ. ಟಂಡ್ರಾ ಪಿಕಪ್ಪಿನ ಎಂಜಿನ್ನಿನೊಳಗೆ ಕಾರ್ಖಾನೆಯ ಲೋಹದ ಚೂರು ಉಳಿದಿದೆಯೆಂದು 2024ರಲ್ಲಿ ಲಕ್ಷದಷ್ಟು ಗಾಡಿ ವಾಪಸು ಕರೆಯಿತು. ಡೀಸೆಲ್ ಅನ್ನು ಸರ್ಕಾರ ಹಾಳು ಮಾಡಿತು, ಒಪ್ಪೋಣ. ಇದನ್ನು ಹಾಳು ಮಾಡಿದ್ದು ಯಾರು?

ಆದರೆ ಪ್ರಶಸ್ತಿ ಸಲ್ಲಬೇಕಾದದ್ದು ರಾಮ್‌ಗೆ. ತನ್ನ ಹೆಮಿ ವಿ8 ಎಂಜಿನ್ನನ್ನು 2025ರ ಮಾದರಿಯ 1500 ಪಿಕಪ್ಪಿನಿಂದ ತಾನೇ ಕೈಬಿಟ್ಟಿತು. ಬದಲಿಗೆ ಬಂದ ಆರು ಸಿಲಿಂಡರಿನ ಎಂಜಿನ್ನಿಗೆ 420 ಅಶ್ವಶಕ್ತಿ. ಹೆಮಿಗೆ 395. ಗಿರಾಕಿಗಳು ಗೋಳಾಡಿದರು. ಗುಡುಗುವ ಸದ್ದು ಎಲ್ಲಿ? 2026ರ ಮಾದರಿಗೆ ಹೆಮಿ ವಾಪಸು ಬಂತು. ಪಕ್ಕದಲ್ಲೊಂದು ಲಾಂಛನ ಬೇರೆ. ಅದರ ಹೆಸರು, ಕಂಪನಿಯೇ ಇಟ್ಟದ್ದು, 'ಪ್ರತಿಭಟನೆಯ ಸಂಕೇತ'.

ಯಾರ ವಿರುದ್ಧ ಸ್ವಾಮಿ? ಎಂಜಿನ್ ತೆಗೆದವರೂ ನೀವೇ, ವಾಪಸು ಕೊಟ್ಟವರೂ ನೀವೇ, ಲಾಂಛನ ಅಂಟಿಸಿದವರೂ ನೀವೇ. ಕಡಿಮೆ ಶಕ್ತಿಯ ಎಂಜಿನ್ನಿಗೆ ಎಷ್ಟೋ ಮಾದರಿಗಳಲ್ಲಿ 1,200 ಡಾಲರ್ ಹೆಚ್ಚು ಕಕ್ಕಬೇಕು. ಕಂತಿನಲ್ಲಿ ಕೊಳ್ಳುವ ಕ್ರಾಂತಿ ಇದು. ಬಡ್ಡಿ ಪ್ರತ್ಯೇಕ.

ಇಷ್ಟೆಲ್ಲ ಆದ ಮೇಲೆ ಒಂದು ಮುಗ್ಧ ಪ್ರಶ್ನೆ. ನಿಜವಾಗಿ ಹಗುರಾದ, ಪೆಟ್ರೋಲಿನಲ್ಲಿ ಓಡುವ, ಸಾಮಾನು ಹೊರುವ ಟ್ರಕ್ಕು ಜಗತ್ತಿನಲ್ಲಿ ಇಲ್ಲವೇ?

ಇದೆ. ಜಪಾನಿನ ಕೇ ಟ್ರಕ್ಕು. 660 ಸಿಸಿ ಎಂಜಿನ್. ತೂಕ ಮುಕ್ಕಾಲು ಟನ್ ಆಸುಪಾಸು. ಅದರ ತೊಟ್ಟಿ ಆರಡಿಗೂ ಉದ್ದ. ನಾಲ್ಕು ಬಾಗಿಲಿನ ಎಫ್-150ರ ಸಾಮಾನ್ಯ ತೊಟ್ಟಿ ಐದೂವರೆ ಅಡಿ. ಆದರೆ ಅಮೆರಿಕದ ರಸ್ತೆಗೆ ಹೊಸ ಕೇ ಟ್ರಕ್ ತರುವಂತಿಲ್ಲ. 25 ವರ್ಷ ಹಳೆಯದಾಗಿರಬೇಕು. ಹಾಗೂ ತಂದವರಿಗೆ ಕೆಲವು ರಾಜ್ಯಗಳು ನೋಂದಣಿ ನಿರಾಕರಿಸಿದವು. ಕಾರಣ, ಸುರಕ್ಷತೆ! ಸಣ್ಣ ಗಾಡಿಗೆ ದೊಡ್ಡ ಗಾಡಿ ಗುದ್ದಿದರೆ ಸಣ್ಣದರಲ್ಲಿರುವವನು ಸಾಯುತ್ತಾನೆ. ಆದ್ದರಿಂದ ಸಣ್ಣ ಗಾಡಿಯೇ ಅಪಾಯಕಾರಿ. ತರ್ಕಕ್ಕೆ ಬೆರಗಾಗಬೇಕು.

ಹೊರದೇಶದ ಟ್ರಕ್ಕು ಬರದಂತೆ ಇನ್ನೊಂದು ಗೋಡೆಯೂ ಇದೆ. ಅದನ್ನು ಕಟ್ಟಿದ್ದು ಕೋಳಿ. ಅಮೆರಿಕದ ಅಗ್ಗದ ಕೋಳಿಗೆ ಯುರೋಪು ಸುಂಕ ಹಾಕಿತು. ಸಿಟ್ಟಿಗೆದ್ದ ಅಧ್ಯಕ್ಷ ಜಾನ್ಸನ್ 1964ರಿಂದ ಹಗುರ ಟ್ರಕ್ಕುಗಳ ಆಮದಿಗೆ ಶೇ. 25 ಸುಂಕ ಜಡಿದರು. ಕೋಳಿ ಜಗಳ ಎಂದೋ ತಣ್ಣಗಾಯಿತು. ಟ್ರಕ್ ಸುಂಕ ಅಲ್ಲೇ ಕೂತಿತು. ಮುಕ್ತ ಮಾರುಕಟ್ಟೆಯ ಮಂತ್ರವನ್ನು ಜಗತ್ತಿಗೆಲ್ಲ ಹೇಳಿಕೊಟ್ಟ ದೇಶ ತನ್ನ ಪಿಕಪ್ಪನ್ನು ಮಾತ್ರ ಅರವತ್ತು ವರ್ಷದಿಂದ ಸೆರಗಿನಲ್ಲಿಟ್ಟು ಸಾಕಿದೆ.

ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಇದ್ದೇ ಇರುತ್ತಾರೆ. ಸುಬಾರು ಕಂಪನಿ 1970ರ ದಶಕದಲ್ಲಿ ಬ್ರ್ಯಾಟ್ ಎಂಬ ಪುಟ್ಟ ಪಿಕಪ್ಪಿನ ತೊಟ್ಟಿಯಲ್ಲೇ ಎರಡು ಪ್ಲಾಸ್ಟಿಕ್ ಕುರ್ಚಿ ಬಿಗಿದು 'ಇದು ಕಾರು' ಎಂದಿತು. ಸುಂಕದಿಂದ ಲಾಭ ಪಡೆದ ಫೋರ್ಡ್ ತಾನೇ ಏನು ಮಾಡಿತು? ವಿದೇಶದಲ್ಲಿ ತಯಾರಿಸಿದ ಟ್ರಾನ್ಸಿಟ್ ಕನೆಕ್ಟ್ ವ್ಯಾನಿಗೆ ಹಿಂದಿನ ಸೀಟು ಹಾಕಿ, ಪ್ರಯಾಣಿಕರ ಗಾಡಿಯೆಂದು ಬಂದರಿನಲ್ಲಿ ಇಳಿಸಿತು. ಸುಂಕದ ಕಟ್ಟೆ ದಾಟಿದ ಮೇಲೆ ಸೀಟು ಕಿತ್ತು ಸಾಮಾನಿನ ವ್ಯಾನ್ ಎಂದು ಮಾರಿತು. 2024ರಲ್ಲಿ 36.5 ಕೋಟಿ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ಸುಂಕ ಬೇಕು, ನನಗಲ್ಲ. ಇದಕ್ಕಿಂತ ಸ್ಪಷ್ಟವಾಗಿ ದೇಶಪ್ರೇಮವನ್ನು ಯಾರೂ ಹೇಳಿಲ್ಲ.

ನಮ್ಮಲ್ಲಿ ಟಾಟಾ ಏಸ್ ಇದೆ. 2005ರಲ್ಲಿ ಡೀಸೆಲಿನಲ್ಲಿ ಶುರುವಾಯಿತು. 2025ರಲ್ಲಿ ಬಂದ ಏಸ್ ಪ್ರೊ ಪೆಟ್ರೋಲಿನಲ್ಲೂ ಓಡುತ್ತದೆ. 694 ಸಿಸಿ, ಹೊರುವುದು 750 ಕಿಲೊ. ಅಮೆರಿಕದ ಎಷ್ಟೋ ಐಷಾರಾಮಿ ಪಿಕಪ್‌ಗಳ ಅಧಿಕೃತ ಹೊರೆ ಮಿತಿಯೂ ಇದರ ಆಸುಪಾಸಿನಲ್ಲೇ ಇದೆ. ವ್ಯತ್ಯಾಸ ಇಷ್ಟೇ. ಏಸ್‌ನ ಮಾಲೀಕ ಆ ಮಿತಿಯನ್ನು ದಿನಾ ಮೀರುತ್ತಾನೆ, ಅವರು ವರ್ಷಕ್ಕೊಮ್ಮೆಯೂ ಮುಟ್ಟುವುದಿಲ್ಲ.

ಹಾಗೆಂದು ನಾವು ಕಾಲರ್ ಮೇಲೆತ್ತುವ ಹಾಗಿಲ್ಲ. 2014ರ ಅಕ್ಟೋಬರ್‌ವರೆಗೆ ಡೀಸೆಲ್ ಬೆಲೆಯನ್ನು ರೈತನ ಹೆಸರಿನಲ್ಲಿ ಸರ್ಕಾರವೇ ಹಿಡಿದಿಟ್ಟಿತ್ತು. ಅದನ್ನು ಗಟಗಟ ಕುಡಿದ ಗಾಡಿಗಳಲ್ಲಿ ಟ್ರ್ಯಾಕ್ಟರ್ ಜೊತೆ ಶಾಸಕರ ಎಸ್‌ಯುವಿಯೂ ಇತ್ತು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ 2,000 ಸಿಸಿ ಮತ್ತು ಅದಕ್ಕೆ ಮೇಲ್ಪಟ್ಟ ಡೀಸೆಲ್ ಗಾಡಿಗಳ ನೋಂದಣಿ ತಡೆಯಿತು. ಮರುತಿಂಗಳೇ ಮಹೀಂದ್ರ 1.99 ಲೀಟರಿನ ಎಂಜಿನ್ ತಂದಿತು. ಅದೇ ಸ್ಕಾರ್ಪಿಯೊ, ಅದೇ ಡೀಸೆಲ್. ರಂಗೋಲಿ ನಮ್ಮದೇ ಕಲೆಯಲ್ಲವೇ!

ಟೆಕ್ಸಸ್ಸಿನ ನಮ್ಮ ಕನ್ನಡಿಗರನ್ನೂ ನೋಡಿದ್ದೇನೆ. ಸಾಫ್ಟ್‌ವೇರ್ ಬರೆಯುವ ಸಜ್ಜನರು. ಮನೆ ಮುಂದೆ ಪಿಕಪ್. ಇಂಡಿಯನ್ ಅಂಗಡಿಯಿಂದ ತರುವ ಸೋನಾ ಮಸೂರಿ ಚೀಲವನ್ನು ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಕೂರಿಸುತ್ತಾರೆ. ತೊಟ್ಟಿಗೆ ಯಾಕೆ ಹಾಕುವುದಿಲ್ಲ? ಗೀಚು ಬೀಳುತ್ತದಂತೆ.

'ಯಾಕೆ ಸಾರ್ ಇಷ್ಟು ದೊಡ್ಡ ಗಾಡಿ?' ಎಂದರೆ ಉತ್ತರ ಒಂದೇ. 'ಸೇಫ್ಟಿ ಸಾರ್. ಮಕ್ಕಳಿದಾರಲ್ಲ.'

ಯಾರ ಮಕ್ಕಳು? ಬಾನೆಟ್ಟಿನ ಎತ್ತರ 40 ಇಂಚು ಮೀರಿದ ಗಾಡಿ ಪಾದಚಾರಿಗೆ ಗುದ್ದಿದಾಗ ಸಾವಿನ ಸಂಭವ ತಗ್ಗಿನ, ಇಳಿಜಾರಾದ ಮುಂಭಾಗದ ಕಾರಿಗಿಂತ ಸುಮಾರು ಶೇ. 45 ಹೆಚ್ಚು ಎಂದು ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2023ರಲ್ಲಿ ಹೇಳಿತು. ಅಲ್ಲಿ ಗಾಡಿಗೆ ಸಿಕ್ಕಿ ಸತ್ತ ಪಾದಚಾರಿಗಳು 2009ರಲ್ಲಿ ನಾಲ್ಕು ಸಾವಿರ ಚಿಲ್ಲರೆ. 2022ರಲ್ಲಿ 7,500 ದಾಟಿದರು. ಎಲ್ಲವೂ ಪಿಕಪ್ಪಿನ ಪಾಪವಲ್ಲ, ನಿಜ. ಆದರೆ ಬಾನೆಟ್ಟಿನ ಮುಂದೆ ಕಾಣದೆ ನಿಂತ ಮಗುವಿಗೂ ಒಬ್ಬ ಅಪ್ಪ ಇರುತ್ತಾನೆ. ಅವನಿಗೂ ಸೇಫ್ಟಿ ಬೇಕು ಸಾರ್. ಈ ವಿಷಯದಲ್ಲಿ ಡೀಸೆಲ್ಲೋ ಪೆಟ್ರೋಲೋ ಎಂದು ಯಾವ ಮೂಳೆಯೂ ಕೇಳುವುದಿಲ್ಲ.

ಎಣ್ಣೆ ಬದಲಾಯಿಸಿದರೆ ಸಾಲದು, ತೂಕ ಕೇಳಬೇಕು. ತಕ್ಕಡಿ ತನ್ನಿ. ಗಾಡಿ ಏರಿಸಿ. ಕಿಲೊಗೆ ಇಷ್ಟೆಂದು ಬಿಲ್ ಬರೆಯಿರಿ. ಹೊರೆ ಹೊರುವ ರೈತನಿಗೆ, ಮೇಸ್ತ್ರಿಗೆ ರಿಯಾಯಿತಿ ಕೊಡಿ. ಶೋಕಿಗೆ ಪೂರ್ತಿ ವಸೂಲು ಮಾಡಿ. ಪ್ಯಾರಿಸ್ 2024ರಲ್ಲಿ ಹೊರಗಿನವರ ಭಾರಿ ಗಾಡಿಗಳ ಪಾರ್ಕಿಂಗ್ ದರವನ್ನು ಮೂರು ಪಟ್ಟು ಮಾಡಿತು. ಆಕಾಶವೇನೂ ಬೀಳಲಿಲ್ಲ.

ಅಮೆರಿಕ ತದ್ವಿರುದ್ಧ ಹೊರಟಿದೆ. ಮೈಲೇಜ್ ಗುರಿ ಮುಟ್ಟದ ಕಂಪನಿಗೆ ದಂಡ ಹಾಕುವ ಕಾನೂನು 1975ರದು. ತೈಲ ಬಿಕ್ಕಟ್ಟಿನಲ್ಲಿ ಬಂಕಿನ ಮುಂದೆ ಸಾಲು ನಿಂತ ಮೇಲೆ ಬಂದ ಬುದ್ಧಿ. 2025ರ ಜುಲೈನಲ್ಲಿ ಆ ದಂಡವನ್ನು ಸೊನ್ನೆ ಮಾಡಿದರು. ಕಾನೂನು ಇದೆ, ಶಿಕ್ಷೆ ಇಲ್ಲ.

ವಿರೋಧ ಪಕ್ಷದ ಡೆಮಾಕ್ರಟರು ಕೂಗಾಡಬೇಕಿತ್ತು ಎನ್ನುತ್ತೀರಾ? ಅವರ ಅಧ್ಯಕ್ಷ ಬೈಡನ್ 2021ರಲ್ಲಿ ಹಸಿರು ಭವಿಷ್ಯ ತೋರಿಸಲು ಆರಿಸಿಕೊಂಡದ್ದು ಎಫ್-150 ಲೈಟ್ನಿಂಗ್. ಬ್ಯಾಟರಿ ಸೇರಿ ಮೂರು ಟನ್ ಹತ್ತಿರದ ಎಲೆಕ್ಟ್ರಿಕ್ ಪಿಕಪ್. ತಾವೇ ಓಡಿಸಿ, ವೇಗಕ್ಕೆ ಮೆಚ್ಚಿ, ಕ್ಯಾಮೆರಾಗೆ ನಕ್ಕರು. ಅತ್ತ ಇನ್ನೊಂದು ಪಕ್ಷವೂ ಅಷ್ಟೇ. 2010ರಲ್ಲಿ ರಿಪಬ್ಲಿಕನ್ ಸ್ಕಾಟ್ ಬ್ರೌನ್ ತನ್ನ ಹಳೆಯ ಪಿಕಪ್ ತೋರಿಸಿಕೊಂಡೇ ಮ್ಯಾಸಚೂಸೆಟ್ಸ್‌ನಲ್ಲಿ ಸೆನೆಟ್ ಸೀಟು ಗೆದ್ದಿದ್ದ. ತಕ್ಕಡಿ ತರುವ ಧೈರ್ಯ ಇವರಲ್ಲಿ ಯಾರಿಗಿದೆ? ಎಣ್ಣೆಯ ವಿಷಯದಲ್ಲಿ ಎರಡು ಪಕ್ಷ, ತೂಕದ ವಿಷಯದಲ್ಲಿ ಒಂದೇ ಪಕ್ಷ. ಆ ಪಕ್ಷಕ್ಕೆ ಬಹುಮತ ಇದೆ.